ಮುಯ್ಯಾಳಿನ ಓಟ

ಕರಾವಳಿ ಮತ್ತು ಮಲೆನಾಡಿನ ಬೇಸಾಯದಲ್ಲಿ ‘ಮುಯ್ಯಿ’ ಎಂಬುದು ಹಣ ಕೈ ಬದಲಾಗದ ದುಡಿಮೆಯ ಒಪ್ಪಂದವಾಗಿತ್ತು. ಮಳೆ ಹಿಡಿದು ಗದ್ದೆ ಹದಕ್ಕೆ ಬಂದಾಗ ಒಂದು ಮನೆಯವರು ಇನ್ನೊಂದು ಮನೆಯ ನಟ್ಟಿಗೆ ಹೋಗುತ್ತಿದ್ದರು. ಆ ಮನೆಯವರು ಎರಡು ದಿನ ಬಿಟ್ಟು ಇವರ ಗದ್ದೆಗಿಳಿದು ಅಷ್ಟೇ ಆಳಿನ ಕೆಲಸ ಮಾಡಿ ಋಣ ತೀರಿಸುತ್ತಿದ್ದರು. ಹೀಗೆ ಹೋಗಿಬರುವ ಆಳಿಗೆ ಮುಯ್ಯಾಳು ಎಂದು ಹೆಸರು. ಈ ಒಪ್ಪಂದಕ್ಕೆ ಬರವಣಿಗೆಯಿರಲಿಲ್ಲ, ಸಾಕ್ಷಿಯಿರಲಿಲ್ಲ, ತಪ್ಪಿದವರಿಗೆ ದಂಡವೂ ಇರಲಿಲ್ಲ. ಬರುತ್ತೇನೆಂದವರು ಬಾರದೆ ಹೋದರೆ ಇನ್ನೊಬ್ಬರ ಗದ್ದೆ ನಿಲ್ಲುತ್ತದೆ ಎಂಬ ಅರಿವೇ ಜನರನ್ನು ನಸುಕಿನಲ್ಲಿ ಎಬ್ಬಿಸುತ್ತಿತ್ತು. ಉಡುಪಿ ಮತ್ತು ಕುಂದಾಪುರಗಳ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಮೇಲಿರುವ ಸಾಸ್ತಾನದಂಥ ಊರಿನಲ್ಲಿ ನಾಲ್ಕೈದು ಗೆಳೆಯರು ಕೂಡಿ ಓಟದ ಅಭ್ಯಾಸಕ್ಕೆ ಇಳಿದಾಗ ಅವರ ವಾರವನ್ನು ನಡೆಸುವುದು ಇದೇ ಹಳೆಯ ನಿಯಮ. ಕಾಲಿನ ಶೂ, ಕೈಯ ವಾಚು, ಫೋನಿನೊಳಗಿನ ಆ್ಯಪ್ ಇವೆಲ್ಲ ಹೊಸವು. ‘ನಾಳೆ ಐದೂವರೆಗೆ’ ಎಂದು ಕೊಟ್ಟ ಮಾತು ಮಾತ್ರ ಮುಯ್ಯಿಯ ಕಾಲದ್ದು.

ದುಡಿಮೆ ಬಿಟ್ಟ ದೇಹ

ಸಾಸ್ತಾನದ ಸುತ್ತಲಿನ ಭೂಗುಣವೇ ಒಂದು ಕಾಲದಲ್ಲಿ ಅಲ್ಲಿನವರ ವ್ಯಾಯಾಮಶಾಲೆಯಾಗಿತ್ತು. ಪಡುವಣಕ್ಕೆ ಕೋಡಿ ಕನ್ಯಾಣದ ಕಡಲತಡಿ, ತೆಂಕಣಕ್ಕೆ ಸೀತಾನದಿಯೂ ಅದು ಸುವರ್ಣೆಯೊಡನೆ ಕಡಲು ಸೇರುವ ಹಂಗಾರಕಟ್ಟೆಯ ಅಳಿವೆಯೂ, ಮೂಡಣಕ್ಕೆ ಬೈಲು, ಹಾಡಿ, ಗುಡ್ಡೆಗಳೂ ಇರುವ ಈ ನೆಲದಲ್ಲಿ ಬೇಸಾಯಗಾರನಿಗಾಗಲಿ ಮೀನುಗಾರನಿಗಾಗಲಿ ಮೈ ದಣಿಸುವುದಕ್ಕೆ ಬೇರೆ ಹೊತ್ತು ಬೇಕಾಗಿರಲಿಲ್ಲ. ರಂಪಣಿ ಬಲೆಯ ಮೀನುಗಾರಿಕೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು: ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರಾಕಾರದಲ್ಲಿ ಬಿಟ್ಟುಬಂದ ಮೇಲೆ, ಅದರ ಎರಡು ತುದಿಯ ಹಗ್ಗಗಳನ್ನು ಹತ್ತಾರು ಜನ ದಡದಲ್ಲಿ ನಿಂತು, ಹಿಮ್ಮಡಿಯನ್ನು ಮರಳಿಗೆ ಊರಿ, ಮೈಯನ್ನು ಹಿಂದಕ್ಕೆ ವಾಲಿಸಿ, ಒಂದೇ ಲಯದಲ್ಲಿ ಹಿಂದೆ ಹಿಂದೆ ಸರಿಯುತ್ತ ಎಳೆಯುತ್ತಿದ್ದರು. ತೊಡೆ, ಸೊಂಟ, ಬೆನ್ನು, ಭುಜ, ಹಿಡಿ ಇವೆಲ್ಲವನ್ನೂ ಒಟ್ಟಿಗೆ ಬಳಸುವ ಇಂಥ ಚಲನೆಗಾಗಿ ಇಂದಿನ ಜಿಮ್ಮುಗಳು ಹಲವು ಯಂತ್ರಗಳನ್ನು ಸಾಲಾಗಿ ನಿಲ್ಲಿಸಬೇಕಾಗುತ್ತದೆ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ ಕಾದಂಬರಿಗೆ ಇದೇ ಕಡಲು–ಹೊಳೆಗಳ ನಡುವಣ ಕೋಡಿಯನ್ನು ನೆಲೆಯಾಗಿಸಿಕೊಂಡರು. ಅದರ ಹೆಣ್ಣುಪಾತ್ರಗಳು ಒಂದು ಮಳೆಗಾಲದಲ್ಲಿ ಮಾಡುವ ಮೈಗೆಲಸವನ್ನು ಗಮನಿಸಿದವರಿಗೆ ‘ಫಿಟ್‌ನೆಸ್’ ಎಂಬ ಪದ ಆ ಲೋಕದಲ್ಲಿ ಏಕೆ ಹುಟ್ಟಲಿಲ್ಲ ಎಂಬುದು ತಿಳಿಯುತ್ತದೆ.

1970ರ ದಶಕದಲ್ಲಿ ಯಾಂತ್ರಿಕ ದೋಣಿಗಳೂ ಪರ್ಸೀನ್ ಬಲೆಗಳೂ ಬಂದ ಮೇಲೆ ರಂಪಣಿ ಹಿಂದೆ ಸರಿದು, ಇಂದು ಕೈರಂಪಣಿಯ ಸಣ್ಣ ರೂಪದಲ್ಲಿ ಅಲ್ಲಲ್ಲಿ ಉಳಿದಿದೆ. ಗದ್ದೆಗೆ ಟಿಲ್ಲರು, ನಟ್ಟಿಗೆ ಯಂತ್ರ, ಕೊಯ್ಲಿಗೆ ಇನ್ನೊಂದು ಯಂತ್ರ ಬಂದವು. ಮನೆಯಿಂದ ಪೇಟೆಗಿದ್ದ ಕಾಲುದಾರಿಯ ಕೆಲಸವನ್ನು ಸ್ಕೂಟರು ವಹಿಸಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರೊಬ್ಬರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ಅಥವಾ 75ರಿಂದ 150 ನಿಮಿಷಗಳ ಹೆಚ್ಚು ತೀವ್ರತೆಯ ಚಟುವಟಿಕೆಯೂ, ಅದರ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ಅಭ್ಯಾಸವೂ ಬೇಕು. ನಟ್ಟಿಯ ಒಂದೇ ದಿನದಲ್ಲಿ ತೀರಿಹೋಗುತ್ತಿದ್ದ ಈ ಲೆಕ್ಕವನ್ನು ಇಂದು ಕುರ್ಚಿಯ ಕೆಲಸದವರು ಏಳು ದಿನಕ್ಕೆ ಹಂಚಿ, ನೆನಪಿಟ್ಟು ತುಂಬಿಸಬೇಕಾಗಿದೆ. ಹಾಗೆ ತುಂಬಿಸುವುದು ಒಬ್ಬರೇ ಇದ್ದಾಗ ಕಷ್ಟ, ಬಳಗವಿದ್ದಾಗ ಸುಲಭ.

ಸೋಮವಾರದ ಬಿಡುವು

ತರಬೇತಿಯ ವಾರವನ್ನು ಸೋಮವಾರದ ವಿಶ್ರಾಂತಿಯಿಂದ ಆರಂಭಿಸುವ ಪದ್ಧತಿ ಹೊಸಬರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ದೇಹ ಬಲಗೊಳ್ಳುವುದು ಓಡುವಾಗಲ್ಲ, ಓಡಿ ನಿಂತ ಮೇಲೆ. ಓಟದಲ್ಲಿ ಪ್ರತಿ ಹೆಜ್ಜೆಗೂ ಪಾದದ ಮೇಲೆ ಬೀಳುವ ಒತ್ತಡ ದೇಹತೂಕದ ಎರಡರಿಂದ ಮೂರು ಪಟ್ಟು ಇರುತ್ತದೆ, ಕಿಲೋಮೀಟರಿಗೆ ಇಂಥ ಹೆಜ್ಜೆಗಳು ಸಾವಿರದಷ್ಟಾಗುತ್ತವೆ; ಇದರಿಂದ ಸ್ನಾಯುತಂತುಗಳಲ್ಲಿ ಉಂಟಾಗುವ ಸೂಕ್ಷ್ಮ ಹರುಕುಗಳನ್ನು ದೇಹ ಮೊದಲಿಗಿಂತ ಗಟ್ಟಿಯಾಗಿ ಹೊಲಿಯುವುದು ಬಿಡುವಿನ ಮತ್ತು ನಿದ್ದೆಯ ಹೊತ್ತಿನಲ್ಲಿ. ಹೃದಯ ಮತ್ತು ರಕ್ತನಾಳಗಳು ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಹೊಂದಿಕೊಂಡರೂ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಎದೆ ‘ಇನ್ನೂ ಓಡು’ ಎನ್ನುವಾಗ ಹಿಮ್ಮಡಿಯ ಮೇಲಿನ ರಜ್ಜು ‘ಸಾಕು’ ಎನ್ನುವ ಈ ಅಂತರದಲ್ಲಿಯೇ ಹೊಸ ಓಟಗಾರರ ಹೆಚ್ಚಿನ ಗಾಯಗಳು ಹುಟ್ಟುತ್ತವೆ.

ಬಿಡುವಿನ ಬೆಲೆಗೆ ಓಟದ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿ, ನಾಲ್ಕು ನಿಮಿಷದ ಗಡಿಯನ್ನು ದಾಟಿದ ಮೊದಲಿಗರಾದರು. ಆ ಚಳಿಗಾಲವಿಡೀ ಅವರು ಕ್ರಿಸ್ ಬ್ರಾಶರ್ ಮತ್ತು ಕ್ರಿಸ್ ಚಾಟವೇ ಎಂಬ ಗೆಳೆಯರೊಡನೆ ಕಾಲು ಮೈಲಿಯ ಹತ್ತು ಸುತ್ತುಗಳನ್ನು, ನಡುನಡುವೆ ಎರಡೆರಡು ನಿಮಿಷ ಬಿಟ್ಟು ಓಡುತ್ತಿದ್ದರು. ಸುತ್ತಿಗೆ 61 ಸೆಕೆಂಡಿಗೆ ಬಂದು ನಿಂತ ವೇಗ ಎಷ್ಟು ಹೆಣಗಿದರೂ ಮುಂದೆ ಸರಿಯದಾಯಿತು. ಬ್ಯಾನಿಸ್ಟರ್ ಮತ್ತು ಬ್ರಾಶರ್ ಓಟ ಬಿಟ್ಟು ಕೆಲವು ದಿನ ಸ್ಕಾಟ್ಲೆಂಡಿನ ಬಂಡೆಗಳನ್ನು ಹತ್ತಿ ಮರಳಿದ ಮೇಲೆ ಅದೇ ಸುತ್ತು 59 ಸೆಕೆಂಡಿಗೆ ಇಳಿಯಿತು. ದಾಖಲೆಯ ದಿನ ಮೊದಲೆರಡು ಸುತ್ತು ಬ್ರಾಶರ್, ಮೂರನೆಯದನ್ನು ದಾಟಿ ಕೊನೆಯ ಸುತ್ತಿನ ತನಕ ಚಾಟವೇ ಮುಂದೆ ಓಡಿ ಗಾಳಿಯನ್ನೂ ವೇಗದ ಲೆಕ್ಕವನ್ನೂ ತಾವು ವಹಿಸಿಕೊಂಡರು. ಚರಿತ್ರೆ ಒಬ್ಬರ ಹೆಸರಿಗೆ ಬರೆದ ಆ ನಾಲ್ಕು ನಿಮಿಷಗಳಲ್ಲಿ ಮೂರು ನಿಮಿಷಕ್ಕೂ ಮಿಕ್ಕಿದ ಹೊತ್ತು ಮುಯ್ಯಾಳುಗಳದ್ದು.

ಮಂಗಳವಾರದ ಬಿರುಸು

ಮಂಗಳವಾರ ‘ಇಂಟರ್ವಲ್’ ಅಭ್ಯಾಸದ ದಿನ. ನಿಗದಿತ ದೂರವನ್ನು ಬಿರುಸಾಗಿ ಓಡಿ, ಉಸಿರು ತಹಬಂದಿಗೆ ಬರುವಷ್ಟು ಹೊತ್ತು ನಡೆದು ಅಥವಾ ನಿಧಾನವಾಗಿ ಓಡಿ, ಮತ್ತೆ ಬಿರುಸಾಗುವ ಈ ಕ್ರಮದಿಂದ ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತದ ಪ್ರಮಾಣ ಹೆಚ್ಚುತ್ತದೆ. ಊರಿನ ಶಾಲಾ ಮೈದಾನವೇ ಇದಕ್ಕೆ ಸಾಕು. 400 ಮೀಟರಿನ ಟ್ರ್ಯಾಕ್ ಇಲ್ಲದಿದ್ದರೂ ಎರಡು ಗೋಲುಕಂಬಗಳ ನಡುವಿನ ದೂರವನ್ನು ಅಳೆದುಕೊಂಡರೆ ಅಭ್ಯಾಸ ನಡೆಯುತ್ತದೆ. ಜೊತೆಗಾರರಿದ್ದಾಗ ವೇಗ ಏಕೆ ಹೆಚ್ಚುತ್ತದೆ ಎಂಬುದು ಮನಶ್ಶಾಸ್ತ್ರದ ಅತಿ ಹಳೆಯ ಪ್ರಶ್ನೆಗಳಲ್ಲೊಂದು. 1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್, ಸೈಕಲ್ ಸವಾರರು ಒಂಟಿಯಾಗಿ ಹೋಗುವಾಗಿನದಕ್ಕಿಂತ ಜೊತೆಯಲ್ಲಿ ಸ್ಪರ್ಧಿಸುವಾಗ ವೇಗವಾಗಿರುವುದನ್ನು ಗಮನಿಸಿ, ಅದನ್ನು ಪರೀಕ್ಷಿಸಲು ಮಕ್ಕಳ ಕೈಗೆ ಮೀನಿನ ಗಾಳದ ದಾರ ಸುತ್ತುವ ರೀಲುಗಳನ್ನು ಕೊಟ್ಟರು. ಪಕ್ಕದಲ್ಲಿ ಇನ್ನೊಬ್ಬರು ಸುತ್ತುತ್ತಿದ್ದಾಗ ಹಲವು ಮಕ್ಕಳ ಕೈ ಚುರುಕಾಯಿತು, ಕೆಲವರದು ಮಾತ್ರ ಗಡಿಬಿಡಿಯಲ್ಲಿ ಕೆಟ್ಟಿತು. ಮಂಗಳವಾರದ ಮೈದಾನದಲ್ಲಿಯೂ ಈ ಎರಡು ಬಗೆಯವರು ಇರುತ್ತಾರೆ.

ಜೊತೆಯಿಂದ ಬರುವ ವೇಗದ ಚರ್ಚೆ ಕರಾವಳಿಯಲ್ಲಿ ಕಂಬಳವನ್ನು ಮುಟ್ಟದೆ ಮುಗಿಯುವುದಿಲ್ಲ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ, ಅದನ್ನು 100 ಮೀಟರಿಗೆ ಇಳಿಸಿ 9.55 ಎಂದು ಲೆಕ್ಕಹಾಕಿ, 2009ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ ಸ್ಥಾಪಿಸಿದ 9.58ರ ಪಕ್ಕದಲ್ಲಿಟ್ಟು ದೇಶವೇ ಬೆರಗಾಯಿತು. ಆದರೆ ಎರಡು ಓಟಗಳ ಚಲನೆಯ ರೀತಿಯೇ ಬೇರೆ: ನಿಂತಲ್ಲಿಂದ ಬ್ಲಾಕನ್ನು ಒದ್ದು ಹೊರಡುವ ಟ್ರ್ಯಾಕಿನ ಓಟಗಾರ ತನ್ನ ವೇಗವನ್ನೆಲ್ಲ ತಾನೇ ಹುಟ್ಟಿಸಿಕೊಳ್ಳಬೇಕು, ಕೆಸರಿನಲ್ಲಿ ಹಗ್ಗ ಹಿಡಿದ ಓಟಗಾರನನ್ನು ಕೋಣಗಳ ಎಳೆತ ಮುಂದೊಯ್ಯುತ್ತದೆ, ಅವನ ಕೌಶಲವಿರುವುದು ಆ ಎಳೆತಕ್ಕೆ ಬೀಳದೆ ಹೆಜ್ಜೆ ಹೊಂದಿಸುವುದರಲ್ಲಿ. ಟ್ರ್ಯಾಕಿನ ಪರೀಕ್ಷೆಗೆ ಬಂದ ಆಹ್ವಾನವನ್ನು ಗೌಡರು ಒಪ್ಪದಿದ್ದುದು ಈ ವ್ಯತ್ಯಾಸವನ್ನು ಬಲ್ಲವರ ವಿವೇಕ. ಕುಂದಾಪುರ ಸೀಮೆಯಲ್ಲಿ ಕಂಬಳ ಬಹುಮಟ್ಟಿಗೆ ಮನೆತನದ ಗದ್ದೆ ಮತ್ತು ದೈವದ ಹರಕೆಗೆ ಹೊಂದಿಕೊಂಡ ಆಚರಣೆಯಾಗಿ ಉಳಿದಿದೆ. ಮಳೆಗಾಲದ ಕೆಸರುಗದ್ದೆ ಕ್ರೀಡಾಕೂಟಗಳಲ್ಲಿ ಮಾತ್ರ ಕೋಣಗಳಿಲ್ಲದೆಯೇ ಊರಿನವರು ಕೆಸರಲ್ಲಿ ಓಡಿ ಬಿದ್ದು ನಗುತ್ತಾರೆ. ಕಾಲಿನಲ್ಲಿ ಗಾಯವಿದ್ದವರು ಈ ನಗುವಿನಿಂದ ದೂರವಿರುವುದು ಲೇಸು, ಏಕೆಂದರೆ ಇಲಿಜ್ವರವೆಂದು ಕರೆಯುವ ಲೆಪ್ಟೊಸ್ಪೈರೋಸಿಸ್ ರೋಗಾಣು ಗದ್ದೆಯ ನೀರಿನಿಂದ ದೇಹಕ್ಕೆ ಬರುವುದು ಹೆಚ್ಚಾಗಿ ಇಂಥ ಗಾಯಗಳ ಮೂಲಕ.

ಮಾತಾಡುವ ವೇಗ

ಬುಧವಾರ ಮತ್ತು ಶನಿವಾರ ನಿಧಾನದ ಓಟಕ್ಕೆ ಮೀಸಲು. ದೂರದ ಓಟದಲ್ಲಿ ಪಳಗಿದವರು ತಮ್ಮ ಒಟ್ಟು ಅಭ್ಯಾಸದ ಸುಮಾರು 80 ಪಾಲನ್ನು ಕಡಿಮೆ ತೀವ್ರತೆಯಲ್ಲಿ, ಉಳಿದ 20 ಪಾಲನ್ನಷ್ಟೇ ಬಿರುಸಿನಲ್ಲಿ ಮಾಡುತ್ತಾರೆ ಎಂಬುದನ್ನು ನಾರ್ವೆಯಲ್ಲಿ ನೆಲೆಸಿದ ಸಂಶೋಧಕ ಸ್ಟೀಫನ್ ಸೈಲರ್ ತೋರಿಸಿಕೊಟ್ಟಿದ್ದಾರೆ. ಹವ್ಯಾಸಿಗಳು ಸಾಮಾನ್ಯವಾಗಿ ಇದನ್ನು ತಿರುಗಿಸಿ, ಪ್ರತಿದಿನವೂ ಅರ್ಧ ಬಿರುಸಿನಲ್ಲಿ ಓಡಿ, ನಿಧಾನದ ಲಾಭವನ್ನೂ ವೇಗದ ಲಾಭವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ನಿಧಾನ ಎಂದರೆ ಎಷ್ಟು ಎಂಬುದಕ್ಕೆ ಯಾವ ಉಪಕರಣವೂ ಬೇಡದ ಅಳತೆಯೊಂದಿದೆ: ಓಡುತ್ತ ಓಡುತ್ತಲೇ ಪೂರ್ಣ ವಾಕ್ಯಗಳಲ್ಲಿ ಮಾತಾಡಲು ಬರಬೇಕು. ಎರಡು ಪದಕ್ಕೊಮ್ಮೆ ಉಸಿರಿಗೆ ನಿಂತರೆ ವೇಗ ಹೆಚ್ಚಾಯಿತೆಂದೇ ಅರ್ಥ.

ಗೆಳೆಯರ ನಿಜವಾದ ಉಪಯೋಗ ಕಾಣುವುದು ಇಲ್ಲಿಯೇ. ಒಂಟಿ ಓಟಗಾರನಿಗೆ ತನ್ನ ವಾಚಿನ ಅಂಕಿಯೊಡನೆ ಪೈಪೋಟಿ. ಜೊತೆಯಲ್ಲಿರುವವನಿಗೆ ಮೀನಿನ ದರ, ಮಕ್ಕಳ ಪರೀಕ್ಷೆ, ನಿನ್ನೆ ರಾತ್ರಿಯ ಆಟದ ಭಾಗವತಿಕೆ ಇವುಗಳ ಮಾತು ಮುಗಿಯುವ ತನಕ ವೇಗ ಹೆಚ್ಚಿಸುವ ಹಾಗಿಲ್ಲ. ಮಂಗಳವಾರ ಹುರುಪು ಕೊಟ್ಟ ಬಳಗವೇ ಬುಧವಾರ ಕಡಿವಾಣವಾಗುತ್ತದೆ, ಮತ್ತು ವಾರದ ಲೆಕ್ಕದಲ್ಲಿ ಹುರುಪಿಗಿಂತ ಕಡಿವಾಣಕ್ಕೇ ಹೆಚ್ಚಿನ ದಿನಗಳಿವೆ. ಇದಕ್ಕೆ ರಕ್ಷಣೆಯ ಪ್ರಯೋಜನವೂ ಸೇರುತ್ತದೆ: ಹೆದ್ದಾರಿಯ ಟೋಲ್‌ಗೇಟಿನ ಆಚೀಚೆ ನಸುಕಿನಲ್ಲಿ ಲಾರಿಗಳ ಓಡಾಟ ಇರುವುದರಿಂದ ಬಳಗಗಳು ಒಳರಸ್ತೆಗಳನ್ನೇ ಆರಿಸಿಕೊಳ್ಳಬೇಕು, ಹೆದ್ದಾರಿಯ ಬದಿ ಅನಿವಾರ್ಯವಾದರೆ ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ, ಒಬ್ಬರ ಹಿಂದೊಬ್ಬರು, ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ತೊಟ್ಟು ಸಾಗಬೇಕು. ಬೀದಿನಾಯಿಗಳ ಹಿಂಡಿಗೂ ಒಬ್ಬರು ಕಂಡಂತೆ ಐವರು ಕಾಣುವುದಿಲ್ಲ. ಬೆಳಕು ಹರಿಯುವ ಮುನ್ನ ಒಬ್ಬಳೇ ಓಡುವುದನ್ನು ಮನೆಯವರು ಒಪ್ಪದ ಹೆಣ್ಣುಮಕ್ಕಳಿಗಂತೂ ಬಳಗವೇ ಅಭ್ಯಾಸದ ಪರವಾನಗಿ; ಅದಿಲ್ಲದ ಊರಿನಲ್ಲಿ ಅವರ ಓಟ ಶಾಲೆಯ ಕ್ರೀಡಾಕೂಟಕ್ಕೇ ಮುಗಿದುಹೋಗುತ್ತದೆ.

ಗುರುವಾರದ ಕಸುವು, ಶುಕ್ರವಾರದ ಹದ

ಗುರುವಾರ ಓಟಕ್ಕಿಂತ ಕಸುವಿಗೆ ಪ್ರಾಧಾನ್ಯ. ಬಸ್ಕಿ, ದಂಡ, ಮೆಟ್ಟಿಲು ಹತ್ತುವುದು, ಮೊಣಕೈಗಳ ಮೇಲೆ ಮೈಯನ್ನು ಹಲಗೆಯಂತೆ ನೇರ ಹಿಡಿಯುವ ‘ಪ್ಲ್ಯಾಂಕ್’ ಇವು ಸೊಂಟ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿಗೊಳಿಸಿ, ದಣಿದಾಗ ಓಟದ ಭಂಗಿ ಕುಸಿಯದಂತೆ ನೋಡಿಕೊಳ್ಳುತ್ತವೆ. ಈ ವಿದ್ಯೆಗೆ ಸಾಸ್ತಾನದ ನೆರೆಯಲ್ಲೇ ಇನ್ನೊಂದು ಗರಡಿಯಿದೆ: ಗುಂಡ್ಮಿಯ ಯಕ್ಷಗಾನ ಕಲಾಕೇಂದ್ರದಂಥ ಕಡೆಗಳಲ್ಲಿ ಕಲಿಯುವ ಬಡಗುತಿಟ್ಟಿನ ವಿದ್ಯಾರ್ಥಿ, ಮೊಣಕಾಲೂರಿ ರಂಗದಲ್ಲಿ ಸುತ್ತುವ ‘ಮಂಡಿ’ಯನ್ನೂ ಗಾಳಿಯಲ್ಲಿ ಹಾರಿ ತಿರುಗುವ ‘ದಿಗಿಣ’ವನ್ನೂ ತೊಡೆಯ ಕಸುವಿಲ್ಲದೆ ಸಾಧಿಸಲಾರ, ಭಾರದ ವೇಷ ಕಟ್ಟಿ ರಾತ್ರಿಯಿಡೀ ಕುಣಿಯುವ ಕಲಾವಿದನ ದಮ್ಮು ದೂರದ ಓಟಗಾರನ ದಮ್ಮಿಗೆ ಕಡಿಮೆಯದಲ್ಲ. ಈ ಸೀಮೆ ಭಾರ ಎತ್ತುವವರನ್ನೂ ಕೊಟ್ಟಿದೆ. ಕುಂದಾಪುರ ತಾಲ್ಲೂಕಿನ ವಂಡ್ಸೆ ಭಾಗದ ಗುರುರಾಜ ಪೂಜಾರಿಯವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿಯನ್ನು, 2022ರ ಬರ್ಮಿಂಗ್‌ಹ್ಯಾಮ್ ಕೂಟದ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚನ್ನು ತಂದರು.

ಶುಕ್ರವಾರದ್ದು ‘ಟೆಂಪೊ’ ಓಟ: ಮಾತು ತುಂಡಾಗುವಷ್ಟು ಬಿರುಸು, ಆದರೆ ಇಪ್ಪತ್ತು ಮೂವತ್ತು ನಿಮಿಷ ಹಿಡಿದಿಡಬಹುದಾದಷ್ಟೇ ಬಿರುಸು. ಸ್ನಾಯುಗಳಲ್ಲಿ ಹುಟ್ಟುವ ಲ್ಯಾಕ್ಟೇಟ್ ಎಂಬ ವಸ್ತುವನ್ನು ದೇಹ ತೆರವುಗೊಳಿಸುವ ವೇಗವೂ ಅದು ಹುಟ್ಟುವ ವೇಗವೂ ಸಮವಾಗಿರುವ ಅಂಚಿನಲ್ಲಿ ದೇಹವನ್ನು ನಿಲ್ಲಿಸುವುದು ಇದರ ಉದ್ದೇಶ. ಓಟಗಾರರಲ್ಲಿ ಯಾರು ಯಾರ ಹಿಂದೆ ಎಂಬ ಸರದಿ ಬದಲಾಗುತ್ತ, ಪ್ರತಿಯೊಬ್ಬರೂ ಒಂದಷ್ಟು ಹೊತ್ತು ಮುಂದಾಳಾಗಿ ಗಾಳಿಗೆ ಎದೆಯೊಡ್ಡಿದರೆ ಈ ಓಟ ಹಗುರಾಗುತ್ತದೆ. ಸರದಿ ಹಂಚಿಕೊಂಡು ಓಡುವುದಕ್ಕೆ ಇದೇ ಸೀಮೆಯ ನಿದರ್ಶನವೂ ಇದೆ: ಸಿದ್ದಾಪುರದ ಬಳಿಯ ಜನ್ಸಾಲೆಯ ಕೃಷಿಕುಟುಂಬದಲ್ಲಿ ಹುಟ್ಟಿದ ಅಶ್ವಿನಿ ಅಕ್ಕುಂಜಿಯವರು 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಮಂಜೀತ್ ಕೌರ್, ಸಿನಿ ಜೋಸ್, ಮನ್‌ದೀಪ್ ಕೌರ್ ಅವರೊಡನೆ 4x400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ರಿಲೇಯ ಚಿನ್ನದ ಜೊತೆಗೆ 400 ಮೀಟರ್ ಹರ್ಡಲ್ಸ್ ಚಿನ್ನವೂ ಅವರದಾಯಿತು. ರಿಲೇಯ ಕೋಲು ಕೈಯಿಂದ ಕೈಗೆ ಹೋಗುವ ಕ್ಷಣದಲ್ಲಿ, ಕೊಡುವವಳ ದಣಿವೂ ಪಡೆಯುವವಳ ಹುರುಪೂ ಒಂದೇ ಲೆಕ್ಕದ ಎರಡು ಬದಿಗಳಾಗುತ್ತವೆ.

ಮರಳು, ಬೆವರು, ಗಂಜಿ

ವಾರದ ಕಿರೀಟವೆನಿಸುವ ಭಾನುವಾರದ ದೀರ್ಘ ಓಟಕ್ಕೆ ಕೋಡಿಯ ಕಡಲತಡಿ ಸೆಳೆಯುತ್ತದೆ, ಆದರೆ ಮರಳಿನ ಮೇಲೆ ಓಡುವುದು ಒಂದು ವಿದ್ಯೆ. ಸಡಿಲ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕೆಂದು ಬೆಲ್ಜಿಯಂನ ಸಂಶೋಧಕರು 1998ರಲ್ಲಿ ಅಳೆದು ತೋರಿಸಿದರು. ಪಾದ ಒತ್ತಿದ ಬಲದಲ್ಲಿ ಒಂದಷ್ಟು ಮರಳನ್ನು ಸರಿಸುವುದಕ್ಕೇ ವ್ಯಯವಾಗುವುದು ಇದಕ್ಕೆ ಕಾರಣ. ಆದ್ದರಿಂದ ಓಟಕ್ಕೆ ತಕ್ಕದ್ದು ಇಳಿತದ ಹೊತ್ತಿನಲ್ಲಿ ತೆರೆ ಹಿಂದೆ ಸರಿದು ಬಿಟ್ಟುಹೋದ, ಹೆಜ್ಜೆಯ ಗುರುತಷ್ಟೇ ಮೂಡುವ ತೇವದ ಪಟ್ಟಿ. ಭರತ ಇಳಿತಗಳು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಈ ಭಾನುವಾರದ ಬೆಳಗಿನ ಗಟ್ಟಿ ಪಟ್ಟಿ ಮುಂದಿನ ಭಾನುವಾರ ಅದೇ ಹೊತ್ತಿಗೆ ನೀರಿನಡಿ ಇರಬಹುದು. ಬಳಗದಲ್ಲಿ ಮೀನುಗಾರಿಕೆ ಬಲ್ಲವರೊಬ್ಬರಿದ್ದರೆ ಪಂಚಾಂಗ ನೋಡುವ ಕೆಲಸ ಸಹಜವಾಗಿ ಅವರಿಗೇ ಸೇರುತ್ತದೆ. ದಡ ಕಡಲಿನತ್ತ ಇಳಿಜಾರಾಗಿರುವುದರಿಂದ ಹೋಗುವಾಗ ಒಂದು ಕಾಲು, ಮರಳುವಾಗ ಇನ್ನೊಂದು ಕಾಲು ತಗ್ಗಿನಲ್ಲಿರುತ್ತದೆ. ಹೋದ ದಾರಿಯಲ್ಲೇ ಹಿಂದಿರುಗಿದರೆ ಸೊಂಟದ ಮೇಲಿನ ಭಾರ ಸರಿಸಮವಾಗುತ್ತದೆ.

ಕರಾವಳಿಯ ಸೆಕೆ ಇನ್ನೊಂದು ಪಾಠ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ದೇಹದಿಂದ ಹೊರಹೋಗುತ್ತದೆ, ಆದರೆ ಗಾಳಿಯೇ ನೀರಿನಿಂದ ತುಂಬಿರುವಾಗ ಬೆವರು ಆವಿಯಾಗದೆ ಮೊಣಕೈಯಿಂದ ಹನಿಹನಿಯಾಗಿ ತೊಟ್ಟಿಕ್ಕಿ, ತಂಪು ಕೊಡದೆಯೇ ಉಪ್ಪನ್ನು ಒಯ್ಯುತ್ತದೆ. ಬೆಂಗಳೂರಿನಲ್ಲಿ ಹಾಯಾಗಿ 10 ಕಿ.ಮೀ. ಓಡುವವರು ಏಪ್ರಿಲಿನ ಸಾಸ್ತಾನದಲ್ಲಿ ಐದಕ್ಕೇ ಸುಸ್ತಾಗುವುದು ದೌರ್ಬಲ್ಯವಲ್ಲ, ಭೌತಶಾಸ್ತ್ರ. ಬರೀ ನೀರನ್ನು ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗಬಹುದಾದ್ದರಿಂದ, ಮನೆಯ ಕುಚ್ಚಲಕ್ಕಿಯ ಗಂಜಿತಿಳಿಗೆ ಉಪ್ಪು ಬೆರೆಸಿ ಕುಡಿಯುವ ರೂಢಿ ಇಲ್ಲಿ ಶಾಸ್ತ್ರಕ್ಕೂ ಒಪ್ಪುತ್ತದೆ: ಪಿಷ್ಟ, ನೀರು, ಉಪ್ಪು ಮೂರೂ ಒಂದೇ ಲೋಟದಲ್ಲಿವೆ. ಎಳನೀರಿನಲ್ಲಿ ಪೊಟ್ಯಾಶಿಯಂ ಹೇರಳ, ಸೋಡಿಯಂ ಕಡಿಮೆ. ಆದ್ದರಿಂದ ಎಳನೀರಿನ ಬೊಂಡದ ಜೊತೆಗೆ ಉಪ್ಪಿರುವ ತಿಂಡಿಯೂ ಬೇಕು. ಓಟದ ಖರ್ಚು ಕಿಲೋಮೀಟರಿಗೆ, ದೇಹತೂಕದ ಪ್ರತಿ ಕಿಲೋಗೆ, ಸುಮಾರು ಒಂದು ಕಿಲೋಕ್ಯಾಲರಿ. 65 ಕಿಲೋ ತೂಗುವವರ 10 ಕಿ.ಮೀ.ಗೆ 650. ಭಾನುವಾರದ ಬಂಗುಡೆ ಸಾರಿನೂಟ ಈ ಖರ್ಚನ್ನು ಉದಾರವಾಗಿಯೇ ತುಂಬಿಸುತ್ತದೆ.

ಭಾನುವಾರದ ಲೆಕ್ಕ

ದೀರ್ಘ ಓಟದ ಗುರಿ ದೂರವನ್ನು ಗೆಲ್ಲುವುದಕ್ಕಿಂತ ಹೊತ್ತನ್ನು ಸಹಿಸುವುದು. ಅರ್ಧ ಮ್ಯಾರಥಾನಿನ 21 ಕಿ.ಮೀ. ಎಂದರೆ ಹೆಚ್ಚುಕಡಿಮೆ ಸಾಸ್ತಾನದಿಂದ ಉಡುಪಿಗೆ ಹೋಗುವಷ್ಟು ದೂರ. ಮಣಿಪಾಲದ ಮ್ಯಾರಥಾನಿನಂಥ ಕೂಟವನ್ನು ಗುರಿಯಾಗಿಟ್ಟುಕೊಂಡ ಹೊಸಬರು ಐದಾರು ಕಿಲೋಮೀಟರಿನಿಂದ ತೊಡಗಿ, ವಾರವಾರಕ್ಕೆ ಸ್ವಲ್ಪಸ್ವಲ್ಪ ಏರಿಸಿ, ಮೂರ್ನಾಲ್ಕು ವಾರಕ್ಕೊಮ್ಮೆ ಇಳಿಸಿ, ಆ ದೂರಕ್ಕೆ ಮೈಯನ್ನು ಒಗ್ಗಿಸುತ್ತಾರೆ. ಇಷ್ಟು ಹೊತ್ತಿನ ನೋವನ್ನು ಜೊತೆಯವರು ಹೇಗೆ ಕಡಿಮೆ ಮಾಡುತ್ತಾರೆ ಎಂಬುದಕ್ಕೆ ಆಕ್ಸ್‌ಫರ್ಡಿನ ದೋಣಿಗಾರರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಳಿವು ಕೊಡುತ್ತದೆ. ಹುಟ್ಟು ಹಾಕುವ ಯಂತ್ರದಲ್ಲಿ ಒಬ್ಬೊಬ್ಬರೇ ದುಡಿದಾಗಿನದಕ್ಕಿಂತ ಅಷ್ಟೇ ಶ್ರಮವನ್ನು ತಂಡವಾಗಿ, ಒಂದೇ ಲಯದಲ್ಲಿ ಮಾಡಿದಾಗ ಅವರ ನೋವು ತಡೆಯುವ ಶಕ್ತಿ ಹೆಚ್ಚು ಏರಿತ್ತು. ಮಿದುಳಿನಲ್ಲಿ ಸ್ರವಿಸುವ ಎಂಡಾರ್ಫಿನ್ ಎಂಬ ನೋವುನಿವಾರಕಕ್ಕೂ ಸಹಲಯಕ್ಕೂ ನಂಟಿದೆ ಎಂಬುದು ಸಂಶೋಧಕರ ಊಹೆ. ರಂಪಣಿಯ ಹಗ್ಗ ಎಳೆದ ಕೈಗಳಿಗೆ ಈ ಮಾತು ಹೊಸದಾಗಿ ಕೇಳಿಸಲಾರದು.

ಭಾನುವಾರ ಬಳಗ ಚದುರುತ್ತದೆ: ಹಗುರ ಮೈಯವರು ಮುಂದೆ, ಮೊಣಕಾಲು ನೋವಿನವರು ಹಿಂದೆ, ಹೊಸಬರು ಎಲ್ಲೋ ನಡುವೆ. ಮೊದಲು ಮುಗಿಸಿದವರು ಶೂ ಕೊಡವಿ ಮರಳು ಸುರಿದು, ಬೊಂಡದ ಗಾಡಿಯ ಬಳಿ ಕೂತು, ಕೊನೆಯವರು ಕಾಣುವ ತನಕ ದಡದತ್ತ ನೋಡುತ್ತಿರುತ್ತಾರೆ. ಕೆಲವರು ಎದ್ದು ಹಿಂದಕ್ಕೆ ಓಡಿ, ಕೊನೆಯ ಒಂದು ಕಿಲೋಮೀಟರನ್ನು ಹಿಂದುಳಿದವರ ಜೊತೆ ಮತ್ತೊಮ್ಮೆ ಓಡುತ್ತಾರೆ. ಯಾವ ವಾಚೂ ಸರಾಸರಿ ವೇಗಕ್ಕೆ ಹಿತವೆಂದು ತೋರಿಸದ ಆ ಕಿಲೋಮೀಟರು ಮುಯ್ಯಿಯ ಖಾತೆಗೆ ಜಮೆಯಾಗುತ್ತದೆ. ನಟ್ಟಿಯ ಮುಯ್ಯಿಗೆ ಒಂದು ಕೊನೆಯಿತ್ತು, ಎರಡು ಮನೆಯ ಗದ್ದೆಗಳೂ ಹಸಿರಾದ ದಿನ ಲೆಕ್ಕ ಚುಕ್ತಾ ಆಗುತ್ತಿತ್ತು. ಓಟದ ಬಳಗಕ್ಕೆ ಹಾಗೆ ಚುಕ್ತಾ ಆಗುವುದು ಒಳ್ಳೆಯದಲ್ಲ. ಮಂಗಳವಾರ ಬೆಳಿಗ್ಗೆ ಐದೂವರೆಗೆ ಮೈದಾನದ ಗೇಟಿನ ಬಳಿ ಐವರೂ ಬಂದು ನಿಲ್ಲಬೇಕಾದರೆ, ಪ್ರತಿಯೊಬ್ಬರ ತಲೆಯ ಮೇಲೂ ಇನ್ನೊಬ್ಬರ ಒಂದು ಬೆಳಗಿನ ಬಾಕಿ ಉಳಿದಿರಲೇಬೇಕು.